ನಗೆಯ ಎಲ್ಲೆ ಎಲ್ಲಿದೆ?

ದಕ್ಷಿಣ ಕೊಡಗಿನ ತಿತಿಮತಿಯ ಬಳಿ ದೇವರಪುರವೆಂಬ ಊರಿದೆ. ಪ್ರತಿವರ್ಷ ಮೇ ತಿಂಗಳ ನಾಲ್ಕನೆಯ ಗುರುವಾರ ಅಲ್ಲಿ ಒಂದು ವಿಚಿತ್ರವಾದ ಹಬ್ಬ ನಡೆಯುತ್ತದೆ. ಕುಂಡೆ ಹಬ್ಬವೆಂಬ ಅದರ ಹೆಸರೇ ಶಿಷ್ಟರ ಸಭೆಯಲ್ಲಿ ಉಚ್ಚರಿಸುವಂಥದಲ್ಲ. ಜೇನುಕುರುಬರು, ಯರವರು ಮೊದಲಾದ ಗಿರಿಜನರು ಹೆಣ್ಣುವೇಷವನ್ನೋ ಹರಕು ಟೋಪಿಯನ್ನೋ ತೊಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡು, ಸೋರೆಬುರುಡೆಯನ್ನು ಬಡಿಯುತ್ತ, ಎದುರಿಗೆ ಬಂದವರನ್ನೆಲ್ಲ ಅಶ್ಲೀಲವಾಗಿ ಬೈದು ಹಣ ಬೇಡುತ್ತಾರೆ. ತೋಟದ ಯಜಮಾನನಿಗೂ ವಿನಾಯಿತಿಯಿಲ್ಲ, ದೇವರಿಗೂ ಇಲ್ಲ. ತಮ್ಮನ್ನು ಕಾಡಿಗೆ ಕರೆದೊಯ್ದ ಅಯ್ಯಪ್ಪನು ಭದ್ರಕಾಳಿಯನ್ನು ಕಂಡೊಡನೆ ತಮ್ಮನ್ನು ತೊರೆದು ಅವಳೊಡನೆ ಹೊರಟುಹೋದನೆಂಬುದು ಬೈಗುಳಕ್ಕೆ ಅವರು ಹೇಳುವ ಕಾರಣ. ಕೊನೆಗೆ ದೇವರಲ್ಲಿ ತಪ್ಪೊಪ್ಪಿಕೊಂಡು ಮನೆಗೆ ತೆರಳುತ್ತಾರೆ. ಅದೇ ಮಾತನ್ನು ಶುಕ್ರವಾರ ಆಡಿದರೆ ಜಗಳವಾದೀತು.

ಮಾತು ಒಂದೇ, ಗುರುವಾರ ನಗೆ, ಶುಕ್ರವಾರ ಅವಮಾನ. ಹಾಗಾದರೆ ಎಲ್ಲೆಯಿರುವುದು ಮಾತಿನಲ್ಲಿಯೋ, ಅದರ ಸುತ್ತಣ ಏರ್ಪಾಟಿನಲ್ಲಿಯೋ? ವಯಸ್ಕರಿಗೆಂದು ಹಾಸ್ಯಚಿತ್ರಗಳನ್ನು ಬರೆದು ತಾನೇ ಪ್ರಕಟಿಸುವ ಸ್ವತಂತ್ರ ಕಲಾವಿದನ ಮುಂದಿರುವುದೂ ಇದೇ ಪ್ರಶ್ನೆ. ಎಷ್ಟು ದೂರ ಹೋಗಬಹುದು? ಇದಕ್ಕೆ ವಿಜ್ಞಾನದಿಂದ ಪೂರ್ಣವಾದ ಉತ್ತರ ದೊರೆಯದು. ಆದರೆ ಕೆಲವು ಸುಳಿವುಗಳು ದೊರೆಯುತ್ತವೆ.

ಅಮೆರಿಕದ ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್ ಎಂಬ ಇಬ್ಬರು ಸಂಶೋಧಕರು 2010ರಲ್ಲಿ ಒಂದು ವಾದವನ್ನು ಮಂಡಿಸಿದರು. ಯಾವುದೋ ಒಂದು ನಿಯಮ ಮುರಿಯಿತೆಂದು ನಮಗೆ ತೋರಬೇಕು. ಅದೇ ಕ್ಷಣದಲ್ಲಿ, ಅದರಿಂದ ಕೇಡಿಲ್ಲವೆಂದೂ ತೋರಬೇಕು. ಎರಡೂ ಕೂಡಿದಾಗ ನಗೆ ಬರುತ್ತದೆ. ಮೊದಲನೆಯದಿಲ್ಲದಿದ್ದರೆ ವಿನೋದ ಸಪ್ಪೆ. ಎರಡನೆಯದಿಲ್ಲದಿದ್ದರೆ ಅದು ವಿನೋದವೇ ಅಲ್ಲ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಸ್ಥಿತಿಸ್ಥಾಪಕ ಮಿತಿಯೆಂಬುದು ಪರಿಚಿತವಷ್ಟೆ. ಆ ಮಿತಿಯೊಳಗೆ ಎಳೆದು ಬಿಟ್ಟ ಸುರುಳಿ ಮೊದಲಿನಂತಾಗುತ್ತದೆ, ಮೀರಿ ಎಳೆದುದು ಹಾಗೆಯೇ ಉಳಿಯುತ್ತದೆ. ಹೋಲಿಕೆ ಚೆನ್ನಾಗಿದೆ, ಆದರೆ ಒಂದು ಕಡೆ ಕುಂಟುತ್ತದೆ. ಉಕ್ಕಿನ ಮಿತಿಯನ್ನು ಅಳೆದು ಕೋಷ್ಟಕದಲ್ಲಿ ಬರೆದಿಡಬಹುದು. ನಗೆಯ ಮಿತಿ ನೋಡುವವನಿಂದ ನೋಡುವವನಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ.

ಬದಲಾಗುವುದನ್ನು ಅಳೆದವರೂ ಉಂಟು. 2012ರ ಅಕ್ಟೋಬರ್ ತಿಂಗಳಲ್ಲಿ ಸ್ಯಾಂಡಿ ಎಂಬ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಯನ್ನು ಅಪ್ಪಳಿಸಿತು. ಅದರ ಕುರಿತ ಚುಟುಕು ವಿನೋದಗಳನ್ನು ಬೇರೆ ಬೇರೆ ದಿನಗಳಲ್ಲಿ ಜನರಿಗೆ ತೋರಿಸಿ, ಎಷ್ಟು ನಗು ಬಂದಿತೆಂದು ಮೆಕ್‌ಗ್ರಾ ಮತ್ತು ಸಂಗಡಿಗರು ಕೇಳಿದರು. ವಿಪತ್ತಿನ ಹೊಸತರಲ್ಲಿ ಆ ವಿನೋದಗಳು ರುಚಿಸಲಿಲ್ಲ. ಸುಮಾರು 36ನೆಯ ದಿನ ನಗೆ ಶಿಖರವನ್ನು ಮುಟ್ಟಿತು. ನೂರು ದಿನ ಕಳೆಯುವಷ್ಟರಲ್ಲಿ ಮತ್ತೆ ಇಳಿಯಿತು. ತೀರ ಹತ್ತಿರವಿದ್ದರೆ ನೋವು, ತೀರ ದೂರವಾದರೆ ಉದಾಸೀನ. ಈ ಸಂಖ್ಯೆಯನ್ನು ಎಲ್ಲ ವಿಪತ್ತುಗಳಿಗೂ ಸೂತ್ರವಾಗಿ ಅನ್ವಯಿಸುವುದು ಮಾತ್ರ ಅವಿವೇಕ.

ಎಲ್ಲೆಯನ್ನು ಚಿತ್ರದೊಳಗೇ ಹುಡುಕಿ ಕಾನೂನು ಮಾಡಿದ ಕಾಲವೂ ಇತ್ತು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯನು, ಚಿತ್ರಕಥೆಗಳು ಬಾಲಕರನ್ನು ಅಪರಾಧಕ್ಕೆ ಎಳೆಯುತ್ತವೆಂದು ಗ್ರಂಥವೊಂದನ್ನೇ ಬರೆದನು. ಅದೇ ವರ್ಷ ಅಮೆರಿಕದ ಪ್ರಕಾಶಕರು ಹೆದರಿ ತಮಗೆ ತಾವೇ ಕಟ್ಟುನಿಟ್ಟಾದ ನಿಯಮಾವಳಿಯನ್ನು ವಿಧಿಸಿಕೊಂಡರು. ಭಾರತದಲ್ಲಿ 1956ರಲ್ಲಿ ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳ ಕಾಯಿದೆ ಬಂದಿತು. ಇಪ್ಪತ್ತು ತುಂಬದವರೆಲ್ಲರನ್ನೂ ಅದು ಎಳೆಯರೆಂದೇ ಎಣಿಸಿತು. ಕಾಲೇಜಿನ ವಾಚಕರು ಇದನ್ನು ಗಮನಿಸಬಹುದು! ವರ್ಥಮನ ಟಿಪ್ಪಣಿಗಳು ಬಹುಕಾಲ ಮುಚ್ಚಿದ್ದು, ಸಂಶೋಧಕರಿಗೆ ದೊರೆತುದು 2010ರಲ್ಲಿ. ಕರೋಲ್ ಟಿಲ್ಲಿ ಎಂಬ ವಿದುಷಿ ಅವುಗಳನ್ನು ಗ್ರಂಥದೊಡನೆ ಹೋಲಿಸಿ ನೋಡಿ, ಮಕ್ಕಳ ವಯಸ್ಸನ್ನು ತಿದ್ದಿದುದು, ಹಲವರ ಹೇಳಿಕೆಗಳನ್ನು ಒಂದುಗೂಡಿಸಿದುದು ಮೊದಲಾದ ಅಕ್ರಮಗಳನ್ನು 2012ರಲ್ಲಿ ಪ್ರಕಟಿಸಿದರು. ಅವನ ಉದ್ದೇಶ ಒಳ್ಳೆಯದಾಗಿದ್ದಿರಬಹುದು. ಒಳ್ಳೆಯ ಉದ್ದೇಶ ಪುರಾವೆಯಾಗುವುದಿಲ್ಲ.

ಆ ನಿಯಮಾವಳಿಗೆ ಬೆನ್ನು ತಿರುಗಿಸಿದವರೇ ಸ್ವತಂತ್ರ ಚಿತ್ರಕಾರರು. ರಾಬರ್ಟ್ ಕ್ರಂಬ್ ಎಂಬಾತನು 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ‘ಜ್ಯಾಪ್’ ಎಂಬ ಪುಸ್ತಿಕೆಯನ್ನು ಹೊರತಂದನು. ಇದು ವಯಸ್ಕರಿಗೆ ಮಾತ್ರವೆಂದು ಹೊದಿಕೆಯ ಮೇಲೆಯೇ ಎಚ್ಚರಿಕೆಯಿತ್ತು. ದೇವರಪುರದ ಗುರುವಾರ ಮಾಡುವ ಕೆಲಸವನ್ನೇ ಇಲ್ಲಿ ಆ ಹೊದಿಕೆ ಮಾಡುತ್ತದೆ: ಒಳಗೆ ಬೇರೆ ನಿಯಮ, ಇಷ್ಟವಿದ್ದವರು ಬನ್ನಿರಿ. ಆದರೆ ಹೊದಿಕೆಯಿಂದ ಎಲ್ಲವೂ ಪರಿಹಾರವಾಗಲಿಲ್ಲ. ಕ್ರಂಬ್‌ನ ಚಿತ್ರಗಳಲ್ಲಿ ಸ್ತ್ರೀಯರೂ ಕರಿಯರೂ ಹೀನವಾಗಿ ಕಾಣಿಸಿಕೊಂಡರೆಂಬ ಆಕ್ಷೇಪಣೆ ಎದ್ದಿತು. ಮಹಿಳೆಯರು ನಿಷೇಧವನ್ನು ಕೇಳುತ್ತ ಕೂರಲಿಲ್ಲ. 1970ರಿಂದ ಮೊದಲ್ಗೊಂಡು ತಮ್ಮವೇ ಪುಸ್ತಿಕೆಗಳನ್ನು ಬರೆದು ಹೊರತಂದರು. ನನಗೆ ಈ ಉತ್ತರ ಬಹಳ ಮೆಚ್ಚುಗೆಯಾದುದು.

ಕನ್ನಡದಲ್ಲಿ ಹಾಸ್ಯಕ್ಕೆ ಹದ ನೋಡುವ ಹೊಣೆಯನ್ನು ಬಹುಕಾಲ ಹೊತ್ತವರು ಸಂಪಾದಕರು. ‘ಕೊರವಂಜಿ’ 1942ರಿಂದ 1967ರವರೆಗೆ ನಡೆಯಿತು. ಅದನ್ನು ನಡೆಸಿದ ಎಂ. ಶಿವರಾಂ, ಎಂದರೆ ರಾಶಿಯವರು, ವೃತ್ತಿಯಿಂದ ವೈದ್ಯರು. ಮೈಸೂರಿನ ವಿದ್ಯಾರ್ಥಿಯಾಗಿದ್ದ ಆರ್. ಕೆ. ಲಕ್ಷ್ಮಣರು ಅದಕ್ಕೆ ಚಿತ್ರ ಬರೆದರು, ಟಿ. ಸುನಂದಮ್ಮನವರು ಮನೆವಾರ್ತೆಯ ಹಾಸ್ಯವನ್ನು ಬರೆದರು. ರಾಶಿಯವರಿಗೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಹಾಸ್ಯಕ್ಕಲ್ಲ, ‘ಮನಮಂಥನ’ವೆಂಬ ಮನೋವೈದ್ಯ ಗ್ರಂಥಕ್ಕೆ. ಮನಸ್ಸಿನ ನೋವನ್ನು ಬಲ್ಲವರೊಬ್ಬರು ನಗೆಯ ಬಾಗಿಲಲ್ಲಿ ಕುಳಿತಿದ್ದರೆಂಬುದು ಸಣ್ಣ ಸಂಗತಿಯಲ್ಲ.

ಇಂದಿನ ಸ್ವತಂತ್ರ ಚಿತ್ರಕಾರನಿಗೆ ಆ ಬಾಗಿಲೂ ಇಲ್ಲ, ಹೊದಿಕೆಯೂ ನಿಲ್ಲುವುದಿಲ್ಲ. ಎಂಟು ಚೌಕಗಳ ಕಥೆಯಿಂದ ಒಂದು ಚೌಕವನ್ನು ಕತ್ತರಿಸಿ ಮೊಬೈಲಿನಲ್ಲಿ ಕಳುಹಿಸಿದರೆ, ಎಚ್ಚರಿಕೆಯ ಮಾತು ಹಿಂದೆಯೇ ಉಳಿಯಿತು. ಕೃತಿಯನ್ನು ಇಡಿಯಾಗಿ ನೋಡಿ, ಸಮಕಾಲೀನ ಸಮಾಜದ ಮಾನದಿಂದ ಅಶ್ಲೀಲತೆಯನ್ನು ನಿರ್ಣಯಿಸಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಹೇಳಿತು. ಆದರೆ ಒಂದು ಚೌಕ ಮಾತ್ರ ತಲುಪಿದವನು ಇಡಿಯಾಗಿ ನೋಡುವುದೆಂತು? ಇನ್ನು, ತರಗತಿಯ ಹುಡುಗಿಯೊಬ್ಬಳ ಮುಖವನ್ನು ಅಸಭ್ಯ ಚಿತ್ರಕ್ಕೆ ಅಂಟಿಸಿ ಹಂಚುವವರು ಅದನ್ನೂ ವಿನೋದವೆನ್ನುತ್ತಾರೆ. ಅವಳ ಪಾಲಿಗೆ ಅಲ್ಲಿ ಹಬ್ಬವೂ ಇಲ್ಲ, ಬೈಗುಳ ಮುಗಿಯುವ ಸಂಜೆಯೂ ಇಲ್ಲ. ಆಕೆ ಬೇಡವೆಂದು ಹೇಳುವ ಮೊದಲೇ ಅದು ನೂರು ಕೈಗಳನ್ನು ದಾಟಿರುತ್ತದೆ. ಕೇಡಿಲ್ಲವೆಂದು ತೀರ್ಮಾನಿಸುವ ಅಧಿಕಾರ ನಗುವವರಿಗೆ ಬಂದುದೆಲ್ಲಿಂದ?

ಸ್ವತಂತ್ರ ಕಲಾವಿದನು ತನ್ನ ಚಿತ್ರವನ್ನು ತಾನೇ ಪರೀಕ್ಷಿಸಬಲ್ಲನೆ? ತನಗೆ ತಾನೇ ಕಚಗುಳಿ ಇಟ್ಟುಕೊಳ್ಳಲು ಸಾಮಾನ್ಯವಾಗಿ ಯಾರಿಂದಲೂ ಆಗದು. ಲಂಡನ್ನಿನಲ್ಲಿ ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದಂತೆ, ನಮ್ಮ ಕೈಯ ಚಲನೆಯ ಫಲವನ್ನು ಕಿರುಮೆದುಳು ಮುಂದಾಗಿಯೇ ಊಹಿಸಿ ಸಂವೇದನೆಯನ್ನು ತಗ್ಗಿಸುತ್ತದೆ. ನಡುವೆ ಯಂತ್ರವನ್ನಿಟ್ಟು ಸೆಕೆಂಡಿನ ಹತ್ತರಲ್ಲೆರಡು ಭಾಗದಷ್ಟು ತಡಮಾಡಿದರೆ ಕಚಗುಳಿ ಮರಳುತ್ತದೆ. ಚಿತ್ರಕಾರನ ವಿಷಯದಲ್ಲಿ ಇದು ಹೋಲಿಕೆಯಷ್ಟೇ ಹೊರತು ಸಿದ್ಧಾಂತವಲ್ಲ. ಆದರೂ ಬರೆದುದನ್ನು ಕೆಲವು ದಿನ ಮುಚ್ಚಿಟ್ಟು ಅಪರಿಚಿತನಂತೆ ತೆರೆದು ನೋಡಬಹುದು. ಗೆಳೆಯರಿಗೆ ತೋರಿಸಿದರೆ ಸಾಲದು, ಅವರು ಹೇಗೂ ನಗುತ್ತಾರೆ. ಚಿತ್ರದಲ್ಲಿ ಯಾರು ನಗೆಗೀಡಾಗಿರುವರೋ ಅವರಲ್ಲೊಬ್ಬರ ಕೈಗೆ ಕೊಟ್ಟು, ಹಾಳೆಯನ್ನು ಬಿಟ್ಟು ಅವರ ಮುಖವನ್ನು ನೋಡಬೇಕು.