ನೀರು ಕಾಯುವ ಬಿನ್ಸಾರಿನ ಓಕ್ ಮರಗಳು

ಉತ್ತರಾಖಂಡದ ಅಲ್ಮೋರಾದಿಂದ ಸುಮಾರು 30 ಕಿ.ಮೀ. ದೂರದ ಬಿನ್ಸಾರಿಗೆ ಹೆಚ್ಚಿನವರು ಹೋಗುವುದು ಹಿಮಶಿಖರಗಳನ್ನು ನೋಡಲು. ಪ್ರವಾಸಿ ಗೃಹದಿಂದ ಸುಮಾರು 2 ಕಿ.ಮೀ. ಕಾಲುದಾರಿ ಸವೆಸಿ ‘ಜೀರೋ ಪಾಯಿಂಟ್’ ತಲುಪಿದರೆ, ಮೋಡವಿಲ್ಲದ ದಿನ ನಂದಾದೇವಿ, ತ್ರಿಶೂಲ, ಪಂಚಚೂಲಿ ಕಾಣುತ್ತವೆ. ಆದರೆ ಬಿನ್ಸಾರಿನ ನಿಜವಾದ ಸಂಪತ್ತು ಇರುವುದು ಆ ದಾರಿಯ ಇಕ್ಕೆಲಗಳಲ್ಲಿ. ಮೈತುಂಬ ಪಾಚಿ, ಕಲ್ಲುಹೂವು, ಜರೀಗಿಡಗಳನ್ನು ಹೊತ್ತು ನಿಂತ ಮುದಿ ಓಕ್ ಮರಗಳೇ ಆ ಸಂಪತ್ತು.

ಕುಗ್ಗುತ್ತಿದ್ದ ಈ ಕಾಡನ್ನು ಉಳಿಸಲೆಂದೇ 1988ರಲ್ಲಿ ಬಿನ್ಸಾರನ್ನು ವನ್ಯಜೀವಿಧಾಮವಾಗಿ ಘೋಷಿಸಲಾಯಿತು. ಚಿರತೆ, ಕಾಡುಕುರಿ, ಗೋರಲ್, ಮುಸುವ, ಮರಕುಟಿಗಗಳಿಗೆ ಇದು ನೆಲೆ.

ಓಕ್ ಎಂದೊಡನೆ ವಿಲಾಯಿತಿಯ ನೆನಪಾಗುವುದುಂಟು. ಆದರೆ ಕುಮಾವೂಂ ಜನ ‘ಬಾಂಜ್’ ಎನ್ನುವ ಈ ಓಕ್ ಹಿಮಾಲಯದ್ದೇ ಮರ. ವರ್ಷವಿಡೀ ಹಸಿರು. ಸೊಪ್ಪು ದನಕ್ಕೆ ಮೇವು, ತರಗೆಲೆ ಹೊಲಕ್ಕೆ ಗೊಬ್ಬರ, ಕಟ್ಟಿಗೆ ಒಲೆಗೆ. ದಪ್ಪನೆಯ ತರಗು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಭೂಮಿಗಿಳಿಸುತ್ತದೆ. ಹಳ್ಳಿಗಳ ‘ನೌಲಾ’ ಎಂಬ ಕಲ್ಲುಕಟ್ಟಿನ ಒರತೆಗಳಿಗೆ ಇದೇ ಆಸರೆ. ಕೆಳಗಿನ ಇಳಿಜಾರಿನ ಚಿರ್ ಪೈನ್ ಹಾಗಲ್ಲ. ಅದರ ಸೂಜಿಯೆಲೆ ಬೇಗ ಕೊಳೆಯದು, ಒಣಗಿದರೆ ಒಂದು ಕಿಡಿ ಸಾಕು.

ಬ್ರಿಟಿಷರಿಗೆ ಬೇಕಾಗಿದ್ದುದು ಪೈನ್. ಅದರಿಂದ ರಾಳ ಸಿಗುತ್ತಿತ್ತು, ಮರವೂ ಮಾರಾಟವಾಗುತ್ತಿತ್ತು. 1911ರಿಂದ 1917ರ ನಡುವೆ ಕುಮಾವೂಂನ ಕಾಡುಗಳನ್ನು ಮೀಸಲು ಅರಣ್ಯವಾಗಿಸಿ ಹಳ್ಳಿಗರ ಹಕ್ಕುಗಳನ್ನು ಮೊಟಕುಗೊಳಿಸಿದರು. 1921ರಲ್ಲಿ ಸಿಡಿದೆದ್ದ ಜನ ಕಾಡಿಗೆ ಬೆಂಕಿಯಿಟ್ಟರು. ಸುಟ್ಟದ್ದು ಪೈನ್ ಕಾಡು. ಅದೇ ಇಲಾಖೆಯ ವಶದಲ್ಲಿದ್ದ ಅಗಲ ಎಲೆಯ ಕಾಡುಗಳನ್ನು ಅವರು ಮುಟ್ಟಲಿಲ್ಲ ಎಂದು ಇತಿಹಾಸಕಾರ ರಾಮಚಂದ್ರ ಗುಹಾ ಗುರುತಿಸಿದ್ದಾರೆ. ಕೋಪದಲ್ಲೂ ಜನರಿಗೆ ತಮ್ಮ ಮರ ಯಾವುದೆಂಬ ಅರಿವಿತ್ತು.

ಬಾಂಜ್ ಮರೆಯಾಗಿ ಪೈನ್ ಏರಿಬರುತ್ತಿರುವುದೇ ಪ್ರವಾಹಗಳಿಗೆ ಕಾರಣವೆಂದು ಗಾಂಧೀಜಿಯ ಶಿಷ್ಯೆ ಮೀರಾ ಬೆಹನ್ 1950ರ ದಶಕದಲ್ಲೇ ಎಚ್ಚರಿಸಿದ್ದರು. ಆ ಮಾತು ಇಂದಿಗೂ ಹಳತಾಗಿಲ್ಲ. 2024ರ ಜೂನ್‌ನಲ್ಲಿ ಬಿನ್ಸಾರ್ ಧಾಮದ ಕಾಳ್ಗಿಚ್ಚು ನಂದಿಸಲು ಹೋದ ಅರಣ್ಯ ಸಿಬ್ಬಂದಿಯಲ್ಲಿ ನಾಲ್ವರು ಸ್ಥಳದಲ್ಲೇ ಬೆಂಕಿಗೆ ಬಲಿಯಾದರು. ಪ್ರತಿ ಬಾರಿ ಬೆಂಕಿ ಬಿದ್ದಾಗಲೂ ಓಕ್ ಸಸಿಗಳು ಸುಟ್ಟುಹೋಗುತ್ತವೆ. ಬೆಂಕಿಯನ್ನು ತಾಳಿಕೊಳ್ಳುವ ಪೈನ್ ಆ ಜಾಗಕ್ಕೆ ಬರುತ್ತದೆ.

ಬಿನ್ಸಾರಿಗೆ ಹೋದವರು ಶಿಖರಗಳನ್ನು ನೋಡಿದ ಮೇಲೆ ಓಕ್ ಮರದಡಿ ಒಂದು ಹಿಡಿ ತರಗು ಸರಿಸಿ ನೋಡಬೇಕು. ಕೆಳಗಿನ ಹಳ್ಳಿಯ ಕೊಡ ತುಂಬುವ ನೀರು ಹೊರಡುವುದು ಅಲ್ಲಿಂದ.