ಅಂಗೈಯಗಲದ ಗಣಕಯಂತ್ರ: ಯಾವುದನ್ನು ಕೊಳ್ಳಬೇಕು?

೮೫ ಮಿಲಿಮೀಟರ್ ಉದ್ದ, ೫೬ ಮಿಲಿಮೀಟರ್ ಅಗಲದ ಒಂದು ಹಸಿರು ಹಲಗೆ. ಎಣಿಕೆ ಮಾಡುವ ಪ್ರೊಸೆಸರು, ನೆನಪಿಡುವ ಮೆಮೊರಿ, ಪರದೆಯನ್ನು ಜೋಡಿಸುವ ತೂತು, ಹೊರಗಿನ ಉಪಕರಣಗಳಿಗಾಗಿ ನಾಲ್ವತ್ತು ಪಿನ್ನುಗಳು - ಎಲ್ಲವೂ ಅದೊಂದರ ಮೇಲೆಯೇ. ಇಂತಹುದನ್ನು ಏಕಫಲಕ ಗಣಕಯಂತ್ರವೆನ್ನುತ್ತೇವೆ. ಇವುಗಳಲ್ಲಿ ಹೆಸರಾದುದು ಇಂಗ್ಲೆಂಡಿನ ರಾಸ್ಪ್‌ಬೆರಿ ಪೈ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಗಣಕವಿಜ್ಞಾನವನ್ನು ಅರಸಿ ಬರುವ ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಿರುವುದನ್ನು ಕಂಡು, ಎಬೆನ್ ಅಪ್ಟನ್ ಹಾಗೂ ಅವರ ಸಂಗಡಿಗರು ಹುಡುಗರ ಕೈಗೆಟಕುವ ಯಂತ್ರವೊಂದನ್ನು ನಿರ್ಮಿಸಲು ಹೊರಟರು. ಅದು ಮಾರಾಟಕ್ಕೆ ಬಂದುದು ೨೦೧೨ನೆಯ ಫೆಬ್ರವರಿ ೨೯ರಂದು. ಅಂದಿನ ಬೆಲೆ ೩೫ ಡಾಲರ್. ೨೦೧೫ರಲ್ಲಿ ೫ ಡಾಲರಿನ 'ಪೈ ಝೀರೋ' ಹೊರಬಂದಾಗ ಅದನ್ನು ಒಂದು ಮಾಸಪತ್ರಿಕೆಯ ಮುಖಪುಟಕ್ಕೆ ಅಂಟಿಸಿ ಉಚಿತವಾಗಿಯೇ ಹಂಚಿದರು! ಓದುಗರಿಗೆ ಕ್ಯಾಲೆಂಡರು ಕೊಡುವ ಪತ್ರಿಕೆಗಳನ್ನು ನಾವು ಬಲ್ಲೆವು. ಗಣಕಯಂತ್ರವನ್ನು ಕೊಡುವುದು ಕೇಳರಿಯದ ಔದಾರ್ಯ.

ಬೆಲೆ ಇಳಿದುದರಿಂದ ಹಲಗೆಗಳ ಬಗೆ ಹೆಚ್ಚಿತು, ಆಯ್ಕೆಯೂ ಕಷ್ಟವಾಯಿತು. ವಿದ್ಯಾರ್ಥಿಯೊಬ್ಬನು ತಿಂಗಳುಗಟ್ಟಲೆ ಕೂಡಿಟ್ಟ ಹಣವು ತಕ್ಕುದಲ್ಲದ ಹಲಗೆಗೆ ವ್ಯಯವಾದರೆ, ಅದರೊಡನೆ ಅವನ ಉತ್ಸಾಹವೂ ಕಪಾಟು ಸೇರುವುದು. ಅಂಗಡಿಯವರು 'ಹೆಚ್ಚು ವೇಗದ್ದನ್ನು ಕೊಳ್ಳಿ' ಎನ್ನುತ್ತಾರೆ. ಆದರೆ ವೇಗವು ನಾವು ಕೇಳಬೇಕಾದ ಮೊದಲ ಪ್ರಶ್ನೆಯಲ್ಲ. ನಮ್ಮ ಕೆಲಸಕ್ಕೆ ಪೂರ್ಣ ಗಣಕಯಂತ್ರವೇ ಬೇಕೇ, ಅಥವಾ ಮೈಕ್ರೋಕಂಟ್ರೋಲರ್ ಎಂಬ ಸೂಕ್ಷ್ಮನಿಯಂತ್ರಕ ಸಾಕೇ ಎಂಬುದೇ ಆ ಪ್ರಶ್ನೆ.

ಸೂಕ್ಷ್ಮನಿಯಂತ್ರಕದ ಹಲಗೆಗಳಲ್ಲಿ ಪ್ರಸಿದ್ಧವಾದುದು ೨೦೦೫ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ ಹುಟ್ಟಿದ ಆರ್ಡುಯಿನೊ. ಅದರ 'ಯೂನೊ' ಹಲಗೆಯ ಕೆಲಸದ ಮೆಮೊರಿ ಕೇವಲ ೨ ಕಿಲೋಬೈಟು. ಕನ್ನಡದ ಒಂದೊಂದು ಅಕ್ಷರಸಂಕೇತಕ್ಕೂ ಮೂರು ಬೈಟು ತಗಲುವುದರಿಂದ ಈ ಲೇಖನದ ಎರಡು ಪರಿಚ್ಛೇದಗಳು ಕೂಡ ಅದರಲ್ಲಿ ಹಿಡಿಯಲಾರವು. ರಾಸ್ಪ್‌ಬೆರಿ ಪೈಯಲ್ಲಾದರೋ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಇದ್ದು, ಅದು ಹತ್ತಾರು ಕ್ರಮವಿಧಿಗಳನ್ನು ಏಕಕಾಲದಲ್ಲಿ ನಡೆಸುವುದು. ಯೂನೊ ನಡೆಸುವುದು ಒಂದನ್ನೇ. ಈ ಬಡತನವೇ ಕೆಲವೊಮ್ಮೆ ಅದರ ಬಲವೆಂಬುದನ್ನು ಒಂದು ನಿದರ್ಶನದಿಂದ ನೋಡೋಣ.

ಮಹಡಿಯ ಮೇಲಣ ತೊಟ್ಟಿಯಲ್ಲಿ ನೀರೆಷ್ಟಿದೆಯೆಂದು ಅಳೆದು ಪಂಪನ್ನು ತಾನಾಗಿ ನಿಲ್ಲಿಸುವ ಸಾಧನವೊಂದನ್ನು ಮಾಡಬೇಕಾಗಿದೆಯೆನ್ನಿ. ತೊಟ್ಟಿಯ ಮುಚ್ಚಳಕ್ಕೆ ಬಿಗಿದ ಸಂವೇದಕವು ಕಿವಿಗೆ ಕೇಳಿಸದ ಧ್ವನಿಯನ್ನು ಕೆಳಕ್ಕೆ ಕಳುಹಿಸುವುದು. ನೀರಿಗೆ ತಾಕಿ ಮರಳುವ ಪ್ರತಿಧ್ವನಿಗೆ ಹಿಡಿದ ಕಾಲದಿಂದ ದೂರ ತಿಳಿಯುವುದು. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೩೪೩ ಮೀಟರ್. ನೀರು ಒಂದು ಮೀಟರ್ ಕೆಳಗಿದ್ದರೆ ಹೋಗಿಬರಲು ಬೇಕಾದುದು ಸುಮಾರು ೬ ಮಿಲಿಸೆಕೆಂಡು. ಕಾಲದ ಎಣಿಕೆ ಒಂದೇ ಮಿಲಿಸೆಕೆಂಡು ತಪ್ಪಿದರೂ ನೀರಿನ ಮಟ್ಟ ೧೭ ಸೆಂಟಿಮೀಟರ್ ತಪ್ಪುವುದು. ಯೂನೊಗೆ ಬೇರೆ ಕೆಲಸವಿಲ್ಲ. ಅದು ಕಾದು ಕುಳಿತು ಎಣಿಸುವುದು. ಲಿನಕ್ಸ್ ಅದೇ ಗಳಿಗೆಯಲ್ಲಿ ಬೇರೊಂದು ಕ್ರಮವಿಧಿಯತ್ತ ತಿರುಗಿರಬಹುದು. ಹತ್ತು ಸಲ ಅಳೆದು ನಡುವಣ ಬೆಲೆಯನ್ನು ಹಿಡಿದರೆ ದೋಷ ತಗ್ಗುವುದೇನೋ ನಿಜ. ಆದರೆ ಇಲ್ಲದ ತೊಂದರೆಯನ್ನು ತಂದುಕೊಂಡು ಪರಿಹರಿಸುವುದೇಕೆ?

ವೋಲ್ಟೇಜಿನ ಮಾತು ಇನ್ನೂ ಮುಖ್ಯವಾದುದು. ಎಚ್‌ಸಿ-ಎಸ್‌ಆರ್‌೦೪ ಎಂಬ ಅಗ್ಗದ ಸಂವೇದಕವು ೫ ವೋಲ್ಟಿನ ಸಂಕೇತವನ್ನು ಹೊರಡಿಸುವುದು. ಯೂನೊ ಕೆಲಸಮಾಡುವುದೂ ೫ ವೋಲ್ಟಿನಲ್ಲಿಯೇ. ಪೈಯ ಪಿನ್ನುಗಳಾದರೋ ೩.೩ ವೋಲ್ಟಿಗಿಂತ ಹೆಚ್ಚನ್ನು ತಾಳಲಾರವು. ನೇರವಾಗಿ ಜೋಡಿಸಿದರೆ ಹಲಗೆಯೇ ಸುಟ್ಟುಹೋದೀತು. ೧ ಮತ್ತು ೨ ಕಿಲೋಓಮಿನ ಎರಡು ರೋಧಕಗಳನ್ನು ಸಾಲಾಗಿ ಇಟ್ಟು, ಎರಡನೆಯದರ ತುದಿಗಳ ನಡುವಿನ ವೋಲ್ಟೇಜನ್ನು ತೆಗೆದುಕೊಂಡರೆ ೫ ವೋಲ್ಟು ಮೂರರಲ್ಲಿ ಎರಡು ಪಾಲಾಗಿ, ಸುಮಾರು ೩.೩ಕ್ಕೆ ಇಳಿಯುವುದು. ಕೆಲವೇ ರೂಪಾಯಿಗಳ ಈ ಉಪಾಯವು ಸಾವಿರಾರು ರೂಪಾಯಿಗಳ ಹಲಗೆಯನ್ನು ಉಳಿಸುವುದು.

ಇನ್ನು ವಿದ್ಯುತ್ತು ಹೋಗಿ ಬರುವುದನ್ನು ಎಣಿಸಿಕೊಳ್ಳಿ. ಯೂನೊ ಒಂದೆರಡು ಸೆಕೆಂಡುಗಳಲ್ಲಿ ಮತ್ತೆ ಕೆಲಸಕ್ಕೆ ತೊಡಗುವುದು. ಪೈಯ ವ್ಯವಸ್ಥೆಯೆಲ್ಲವೂ ಸಾಮಾನ್ಯವಾಗಿ ಒಂದು ಎಸ್‌ಡಿ ಕಾರ್ಡಿನಲ್ಲಿರುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ತು ಕಡಿದರೆ ಅಲ್ಲಿನ ಬರೆಹ ಕೆಟ್ಟು, ಯಂತ್ರ ಏಳದೆಯೇ ಇರಬಹುದು. ಬೇಸಗೆಯಲ್ಲಿ ನೀರು ತುಂಬಿಸುವ ಹೊಣೆಯನ್ನು ಅಂತಹುದಕ್ಕೆ ಒಪ್ಪಿಸಲು ನಮಗೆ ಮನಸ್ಸಾಗದು. ಅಂದಹಾಗೆ, ಯಾವ ಹಲಗೆಯ ಪಿನ್ನೂ ಪಂಪನ್ನು ನೇರವಾಗಿ ನಡೆಸಲಾರದು. ನಡುವೆ ರಿಲೇ ಬೇಕು. ೨೩೦ ವೋಲ್ಟಿನ ಆ ಜೋಡಣೆಯನ್ನು ವಿದ್ಯಾರ್ಥಿಗಳು ತಾವೇ ಮಾಡದೆ ಬಲ್ಲ ಎಲೆಕ್ಟ್ರಿಷಿಯನ್ನರಿಂದ ಮಾಡಿಸತಕ್ಕದ್ದು.

ಹಿತ್ತಲಿಗೆ ಬರುವ ಹಕ್ಕಿಗಳ ಚಿತ್ರ ತೆಗೆದು ಅವನ್ನು ಗುರುತಿಸಬೇಕಾದರೆ ಮಾತು ತಲೆಕೆಳಗಾಗುವುದು. ೬೪೦ಕ್ಕೆ ೪೮೦ ಚುಕ್ಕೆಗಳ ಒಂದು ಕಪ್ಪುಬಿಳುಪು ಚಿತ್ರಕ್ಕೇ ೩,೦೭,೨೦೦ ಬೈಟು ಬೇಕು. ಯೂನೊದ ಮೆಮೊರಿಗೆ ಇದು ನೂರೈವತ್ತು ಪಟ್ಟು. ಇಲ್ಲಿ ಪೈಯೇ ಆಗಬೇಕು. ಅದರಲ್ಲಿಯೂ ೨೦೨೧ರ 'ಝೀರೋ ೨ ಡಬ್ಲ್ಯೂ' ಎಂಬ ೫೧೨ ಮೆಗಾಬೈಟಿನ ಪುಟ್ಟ ಹಲಗೆ ಇಂತಹ ಹಲವು ಕೆಲಸಗಳಿಗೆ ಸಾಕು. ೨೦೨೩ರ 'ಪೈ ೫' ಬಹು ಚುರುಕಾದುದು. ಆದರೆ ಅದಕ್ಕೆ ೫ ಆಂಪಿಯರ್ ಕೊಡಬಲ್ಲ ಅಡಾಪ್ಟರು ಒಳ್ಳೆಯದು, ದುಡಿತ ಹೆಚ್ಚಿದರೆ ಫ್ಯಾನೂ ಬೇಕು. ಬ್ಯಾಟರಿಯಿಂದ ನಡೆಯಬೇಕಾದ ಕೆಲಸಕ್ಕೆ ಪೈಗಳ ಹಸಿವೇ ತೊಡಕು: 'ಪೈ ೪' ಸುಮ್ಮನಿದ್ದಾಗಲೂ ಸುಮಾರು ೩ ವಾಟ್ ಎಳೆಯುವುದು, ೧೦,೦೦೦ ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕು ಅದಕ್ಕೆ ಅರ್ಧ ದಿನವೂ ಬಾರದು.

ಇವೆರಡರ ನಡುವೆ ೨೦೨೧ರಲ್ಲಿ ೪ ಡಾಲರಿಗೆ ಬಂದ 'ಪೈ ಪಿಕೊ' ಇದೆ. ಹೆಸರಿನಿಂದ ಮೋಸಹೋಗಬಾರದು, ಅದು ಲಿನಕ್ಸ್ ನಡೆಸದ ಸೂಕ್ಷ್ಮನಿಯಂತ್ರಕ. ೨೬೪ ಕಿಲೋಬೈಟಿನ ಮೆಮೊರಿಯುಳ್ಳ ಅದಕ್ಕೆ ಪೈಥಾನ್ ಭಾಷೆಯಲ್ಲಿಯೂ ಕ್ರಮವಿಧಿ ಬರೆಯಬಹುದು. ಆದರೆ ಅದೂ ೩.೩ ವೋಲ್ಟಿನದು. ಹೆಚ್ಚು ಮೆಮೊರಿಯ ಆಸೆ ತೋರಿಸುವ ಬೇರೆ ಹಲಗೆಗಳು ಮಾರುಕಟ್ಟೆಯಲ್ಲಿ ಹೇರಳವಾಗಿವೆ. ಅವುಗಳ ಕಾರ್ಯಾಚರಣ ವ್ಯವಸ್ಥೆಯನ್ನು ತಯಾರಕರು ಕೊನೆಯದಾಗಿ ತಿದ್ದಿದ ತಾರೀಖನ್ನು ಮೊದಲು ನೋಡಿರಿ; ಅದು ಎರಡು ಮೂರು ವರ್ಷ ಹಳೆಯದಾಗಿದ್ದರೆ ಕೈಬಿಡಿರಿ.

ಹಲಗೆಯ ಬೆಲೆಗೆ ಅಡಾಪ್ಟರು, ಕಾರ್ಡು, ಕೇಬಲುಗಳ ಬೆಲೆಯನ್ನು ಕೂಡಿಸಿಯೇ ಲೆಕ್ಕ ಹಾಕಬೇಕು. ಎರಡು ಬಗೆಯವನ್ನೂ ಒಂದಾಗಿ ದುಡಿಸುವುದುಂಟು: ಯೂನೊ ತೊಟ್ಟಿಯನ್ನು ಅಳೆದು ಯುಎಸ್‌ಬಿ ತಂತಿಯ ಮೂಲಕ ಅಂಕಿಗಳನ್ನು ಕಳುಹಿಸಿದರೆ, ಪೈ ಅವನ್ನು ಕೂಡಿಟ್ಟು ತಿಂಗಳ ನೀರಿನ ಬಳಕೆಯ ನಕ್ಷೆಯನ್ನು ಬರೆಯುವುದು. ಹಣ ಒಂದಕ್ಕೇ ಸಾಲುವಂತಿದ್ದರೆ ಮೊದಲು ಯೂನೊವನ್ನು ಕೊಳ್ಳಿರಿ. ನಕ್ಷೆಯ ಕೆಲಸವನ್ನು ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪು ಮಾಡೀತು.