ನಿಲ್ಲಬಾರದ ಹಡಗು

ಲಾಸ್ ಏಂಜಲೀಸ್ ಕಡೆಗೆ ಮಗನ ಮನೆಗೋ ಮಗಳ ಮನೆಗೋ ಹೋಗುವ ನಮ್ಮವರ ಪಟ್ಟಿಯಲ್ಲಿ ಡಿಸ್ನಿಲ್ಯಾಂಡ್ ಇರುತ್ತದೆ, ಹಾಲಿವುಡ್ ಇರುತ್ತದೆ, ಮಾಲಿಬು ವೆಂಕಟೇಶ್ವರನೂ ಇರುತ್ತಾನೆ. ಲಾಂಗ್ ಬೀಚ್ ಬಂದರಿನಲ್ಲಿ ನಿಂತಿರುವ 'ಕ್ವೀನ್ ಮೇರಿ' ಹಡಗಿನ ಸರದಿ ಬರುವುದು ಒಂದು ದಿನ ಮಿಕ್ಕರೆ ಮಾತ್ರ. ಹೋದವರೂ ಮೂರು ಕೆಂಪು ಚಿಮಣಿಗಳ ಎದುರು ಫೋಟೊ ತೆಗೆಸಿಕೊಂಡು, ಮೇಲಿನ ಡೆಕ್ಕಿನಲ್ಲಿ ಒಂದು ಸುತ್ತು ಹಾಕಿ, ಮೊಮ್ಮಕ್ಕಳು ಹಟ ಹಿಡಿದರೆ ದೆವ್ವದ ಟೂರಿಗೂ ಟಿಕೆಟ್ ಕೊಂಡು ವಾಪಸಾಗುತ್ತಾರೆ. ಹಡಗಿನೊಳಗೆ ದೆವ್ವಗಳಿವೆ ಎಂಬುದು ಅಲ್ಲಿ ಒಳ್ಳೆಯ ವ್ಯಾಪಾರ.

ನನಗೆ ಈ ಹಡಗಿನ ಗೀಳು ಹತ್ತಿಸಿದ್ದು 1942ರ ಅಕ್ಟೋಬರ್ 2ರ ಮಧ್ಯಾಹ್ನ ನಡೆದ ಒಂದು ಘಟನೆ. ಅದಕ್ಕೆ ಬರುವ ಮುಂಚೆ ಹಡಗಿನ ಜಾತಕವನ್ನು ಚುಟುಕಾಗಿ ಹೇಳಿಬಿಡುತ್ತೇನೆ.

ಹುಟ್ಟೂರು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್. ಜಾನ್ ಬ್ರೌನ್ ಕಂಪನಿಯ ಹಡಗುಕಟ್ಟೆಯಲ್ಲಿ 1930ರ ಡಿಸೆಂಬರಿನಲ್ಲಿ ಕೆಲಸ ಶುರುವಾಯಿತು. ಆಗ ಹೆಸರಿಲ್ಲ, ಬರೀ 'ನಂಬರ್ 534'. ಒಂದೇ ವರ್ಷಕ್ಕೆ ಆರ್ಥಿಕ ಕುಸಿತದ ಹೊಡೆತಕ್ಕೆ ಕೆಲಸ ನಿಂತು ಸಾವಿರಾರು ಜನ ಬೀದಿಗೆ ಬಿದ್ದರು. ಅರ್ಧಂಬರ್ಧ ಕಟ್ಟಿದ ಒಡಲು ಎರಡು ವರ್ಷಕ್ಕೂ ಹೆಚ್ಚು ಕಾಲ ತುಕ್ಕು ಹಿಡಿಯುತ್ತ ಊರಿನ ನೆತ್ತಿಯ ಮೇಲೆ ನಿಂತಿತ್ತು. ಕೊನೆಗೆ ಕುನಾರ್ಡ್ ಮತ್ತು ವೈಟ್ ಸ್ಟಾರ್ ಕಂಪನಿಗಳು ಒಂದಾಗಬೇಕು ಎಂಬ ಷರತ್ತಿನ ಮೇಲೆ ಸರ್ಕಾರ ಸಾಲ ಕೊಟ್ಟಿತು. 1934ರ ಏಪ್ರಿಲಿನಲ್ಲಿ ಕೆಲಸಗಾರರು ಬ್ಯಾಗ್‌ಪೈಪ್ ಊದಿಸಿಕೊಂಡು ಮೆರವಣಿಗೆಯಲ್ಲಿ ಒಳಗೆ ಹೋದರಂತೆ. ಅದೇ ಸೆಪ್ಟೆಂಬರಿನಲ್ಲಿ ಹಡಗು ನೀರಿಗಿಳಿಯಿತು. 1936ರ ಮೇ 27ರಂದು ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಮೊದಲ ಯಾನ.

ಉದ್ದ 1,019 ಅಡಿ. ಸುಮಾರು 2,100 ಪ್ರಯಾಣಿಕರು, ಅವರ ಸೇವೆಗೆ 1,100 ಸಿಬ್ಬಂದಿ. ಸಾಮ್ರಾಜ್ಯದ ಮೂಲೆಮೂಲೆಯಿಂದ ತರಿಸಿದ 50ಕ್ಕೂ ಹೆಚ್ಚು ಬಗೆಯ ಮರಗಳ ಕೆಲಸ. ಇದರಲ್ಲೆಲ್ಲ ನನ್ನ ಕಣ್ಣು ನೆಡುವುದು ಮೊದಲ ದರ್ಜೆಯ ಊಟದ ಹಾಲಿನ ಗೋಡೆಯ ಮೇಲೆ. ಅಲ್ಲಿ ಮ್ಯಾಕ್‌ಡೊನಾಲ್ಡ್ ಗಿಲ್ ಬರೆದ ಅಟ್ಲಾಂಟಿಕ್ ಸಾಗರದ ದೊಡ್ಡ ನಕ್ಷೆಯಿದೆ. ಒಂದು ದಡದಲ್ಲಿ ಲಂಡನ್, ಇನ್ನೊಂದರಲ್ಲಿ ನ್ಯೂಯಾರ್ಕ್. ನಡುವಿನ ದಾರಿಯಲ್ಲಿ ಸ್ಫಟಿಕದ ಒಂದು ಪುಟ್ಟ ಹಡಗು. ನಿಜವಾದ ಹಡಗು ಮುಂದೆ ಹೋದಂತೆ ಅದೂ ಸರಿಯುತ್ತಿತ್ತು. ಸೂಪು ಕುಡಿಯುತ್ತ ಕುಳಿತವರು ತಲೆಯೆತ್ತಿದರೆ, ತಾವು ಎಲ್ಲಿಗೆ ಬಂದೆವೆಂದು ತಿಳಿಯುತ್ತಿತ್ತು.

ಈ ಸುಖ ಮೂರೇ ವರ್ಷದ್ದು. 1939ರ ಆಗಸ್ಟ್ 30ರಂದು ಸೌತಾಂಪ್ಟನ್ ಬಿಟ್ಟ ಹಡಗು ನ್ಯೂಯಾರ್ಕ್ ಮುಟ್ಟುವ ಹೊತ್ತಿಗೆ ಯುದ್ಧ ಶುರುವಾಗಿತ್ತು. ಕಪ್ಪು, ಬಿಳುಪು, ಕೆಂಪು ಎಲ್ಲದರ ಮೇಲೂ ಬೂದುಬಣ್ಣ ಬಳಿದರು. 1940ರ ಮಾರ್ಚಿನಲ್ಲಿ ಸದ್ದಿಲ್ಲದೆ ಹೊರಟು ಕೇಪ್‌ಟೌನ್ ಬಳಸಿ ಸಿಡ್ನಿಗೆ ಹೋಯಿತು. ಅಲ್ಲಿ ಒಳಗಿನ ಮೈಲುಗಟ್ಟಲೆ ಕಾರ್ಪೆಟ್, ಪಿಂಗಾಣಿ, ಬೆಳ್ಳಿ ಸಾಮಾನು, ಮೆತ್ತನೆ ಪೀಠೋಪಕರಣ ಎಲ್ಲ ಇಳಿದವು; ಸೈನಿಕರ ಮಂಚಗಳು ಹತ್ತಿದವು. ಅದೇ ವರ್ಷದ ಕೊನೆಗೆ ಆಸ್ಟ್ರೇಲಿಯಾದ ಪಡೆಗಳನ್ನು ಹೊತ್ತು ನಮ್ಮ ಮುಂಬಯಿಗೂ ಬಂದಿತ್ತು. ಅಲ್ಲಿಂದ ಅವರು ಬೇರೆ ಹಡಗುಗಳಲ್ಲಿ ಈಜಿಪ್ಟ್ ಕಡೆಗೆ ಹೋದರು. 1941ರ ಫೆಬ್ರವರಿಯಲ್ಲಿ ಐದು ಸಾವಿರಕ್ಕೂ ಮಿಕ್ಕಿ ಆಸ್ಟ್ರೇಲಿಯನ್ನರನ್ನು ಸಿಂಗಪುರಕ್ಕೆ ಇಳಿಸಿತು. ಮರುವರ್ಷ ಫೆಬ್ರವರಿಗೇ ಸಿಂಗಪುರ ಬಿತ್ತು, ಅವರಲ್ಲಿ ಬದುಕುಳಿದ ಬಹುಪಾಲು ಮಂದಿ ಜಪಾನಿಯರ ಸೆರೆಯಾಳುಗಳಾದರು.

ಅಮೆರಿಕ ಯುದ್ಧಕ್ಕಿಳಿದ ಮೇಲೆ ಅಟ್ಲಾಂಟಿಕ್ಕಿನ ಅತ್ತಿತ್ತ ಓಡಾಟ. ನೆಲ ಕಂಡಲ್ಲೆಲ್ಲ ಮಂಚ ಹಾಕಿದರು. ಕಬ್ಬಿಣದ ಕೊಳವೆಯ ಚೌಕಟ್ಟು, ಅದಕ್ಕೆ ಬಿಗಿದ ಕ್ಯಾನ್ವಾಸ್, ಒಂದರ ಮೇಲೊಂದು ಐದಾರು ಅಂತಸ್ತು. ನೀರು ಖಾಲಿ ಮಾಡಿದ ಈಜುಕೊಳದಲ್ಲೂ ಮಂಚ. ಅಷ್ಟಾದರೂ ಸಾಲದೆ ಪಾಳಿಯ ಮೇಲೆ ನಿದ್ದೆ: ಒಬ್ಬ ಎದ್ದ ಬಿಸಿ ಆರುವ ಮುಂಚೆ ಇನ್ನೊಬ್ಬ ಮಲಗಬೇಕು. ಹತ್ತಿದ ಕೂಡಲೇ ಪ್ರತಿಯೊಬ್ಬನಿಗೂ ಕೆಂಪು, ಬಿಳಿ ಅಥವಾ ನೀಲಿ ಬಿಲ್ಲೆ ಕೊಡುತ್ತಿದ್ದರು. ಹಡಗಿನ ಮುಂಭಾಗ, ನಡು, ಹಿಂಭಾಗ ಹೀಗೆ ಬಣ್ಣಕ್ಕೊಂದು ವಲಯ. ತನ್ನ ಬಣ್ಣದ ಗೆರೆ ದಾಟುವಂತಿಲ್ಲ. ಇಷ್ಟು ಜನ ಒಂದೇ ಕಡೆ ನುಗ್ಗಿದರೆ ಹಡಗು ವಾಲುವ ಭಯ. ದಿನಕ್ಕೆ ಎರಡೇ ಊಟ, ಅದೂ ಪಂಕ್ತಿಯ ಮೇಲೆ ಪಂಕ್ತಿ. ಮೆಕ್ಕೆಜೋಳದ ಹೊಲದಿಂದ ನೇರ ಬಂದ ಹತ್ತೊಂಬತ್ತರ ಹುಡುಗರು ತಟ್ಟೆ ಹಿಡಿದು ಆ ನಕ್ಷೆಯ ಕೆಳಗೇ ಉಂಡೆದ್ದರು.

1943ರ ಜುಲೈ ಕೊನೆಯ ವಾರದಲ್ಲಿ ನ್ಯೂಯಾರ್ಕಿನಿಂದ ಸ್ಕಾಟ್ಲೆಂಡಿಗೆ ಹೋದ ಒಂದು ಯಾನದಲ್ಲಿ ಹಡಗಿನ ಮೇಲಿದ್ದವರು 16,683 ಮಂದಿ. ಒಂದು ಹಡಗಿನಲ್ಲಿ ಇಷ್ಟು ಜನ ಹೋದದ್ದು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ ಎಂಬ ದಾಖಲೆ. ನಮ್ಮ ಕಡೆಯ ಒಂದು ಹೋಬಳಿ ಕೇಂದ್ರವನ್ನು ಜನ ಸಮೇತ ಎತ್ತಿ ಸಮುದ್ರದ ಮೇಲಿಟ್ಟ ಹಾಗೆ.

ಇಷ್ಟು ಜೀವಗಳಿಗೆ ರಕ್ಷೆ ಯಾವುದು? ಫಿರಂಗಿಗಳೂ ಇದ್ದವು, ಆದರೆ ನಿಜವಾದ ರಕ್ಷೆ ವೇಗ. ಜರ್ಮನರ ಯು-ಬೋಟ್ ಜಲಾಂತರ್ಗಾಮಿಗಳಿಗೆ 28 ನಾಟ್‌ಗೂ ಮೇಲಿನ ಓಟಕ್ಕೆ ಸಾಟಿಯಾಗುವ ಶಕ್ತಿ ಇರಲಿಲ್ಲ. ಆದ್ದರಿಂದ ನಡುಸಾಗರದಲ್ಲಿ ಬೆಂಗಾವಲೂ ಇಲ್ಲದೆ ಒಂಟಿಯಾಗಿ ಓಡುತ್ತಿತ್ತು. ಗುರಿ ಹಿಡಿದು ಕಾದವರಿಗೂ ಸಿಗಬಾರದೆಂದು, ಗಡಿಯಾರ ನೋಡಿಕೊಂಡು ನಿಗದಿಯಾದ ನಿಮಿಷಕ್ಕೆ ನಿಗದಿಯಾದಷ್ಟು ತಿರುಗುತ್ತ ಅಂಕುಡೊಂಕಾಗಿ ಸಾಗಬೇಕು. ಜೊತೆಗೆ ಕಟ್ಟಪ್ಪಣೆ: ಏನೇ ಆಗಲಿ ನಿಲ್ಲಬಾರದು. ನಿಂತ ಕ್ಷಣವೇ ಅದು ಸಮುದ್ರದ ಅತಿ ದೊಡ್ಡ ಗುರಿಹಲಗೆ.

ಈಗ 1942ರ ಅಕ್ಟೋಬರ್ 2. ಅಮೆರಿಕದ ಸುಮಾರು ಹತ್ತು ಸಾವಿರ ಸೈನಿಕರನ್ನು ಹೊತ್ತ ಕ್ವೀನ್ ಮೇರಿ ಐರ್ಲೆಂಡಿನ ಉತ್ತರಕ್ಕೆ ಬಂದಿದೆ. ದಡ ಹತ್ತಿರವಾದರೆ ಜರ್ಮನ್ ವಿಮಾನಗಳ ಕಾಟ. ಅದಕ್ಕೇ ಬೆಂಗಾವಲಿಗೆ 'ಕ್ಯೂರಸೋವಾ' ಎಂಬ ಬ್ರಿಟಿಷ್ ಕ್ರೂಸರ್ ಬಂದು ಸೇರಿದೆ, ದೂರದಲ್ಲಿ ಕೆಲವು ಡಿಸ್ಟ್ರಾಯರ್‌ಗಳೂ ಇವೆ. ಕ್ಯೂರಸೋವಾ ಮೊದಲ ಮಹಾಯುದ್ಧದ ಕಾಲದ್ದು. ಅದರ ಪೂರ್ತಿ ಓಟ ದೊಡ್ಡ ಹಡಗಿನ ಓಟಕ್ಕಿಂತ ಕಡಿಮೆ. ಆದರೆ ದೊಡ್ಡದು ಅಂಕುಡೊಂಕಾಗಿ ಓಡುವುದರಿಂದ ನೇರ ಹೋದರೆ ಜೊತೆ ಕೊಡಬಹುದು. ಒಂದು ನೇರ, ಒಂದು ಡೊಂಕು; ನಡುವಿನ ಅಂತರ ಕರಗುತ್ತ ಬಂತು.

ಹಿಂದಿನಿಂದ ಬರುವ ಹಡಗೇ ಪಕ್ಕಕ್ಕೆ ಸರಿಯಬೇಕು ಎಂಬುದು ಸಮುದ್ರದ ಮಾಮೂಲಿ ನಿಯಮ. ಕ್ಯೂರಸೋವಾದ ಕಪ್ತಾನ ಜಾನ್ ಬೌಟ್‌ವುಡ್ ಅದನ್ನು ನಂಬಿದ್ದರು. ಸೈನಿಕರ ಹಡಗು ತನ್ನ ಲೆಕ್ಕದಂತೆ ತಿರುಗುತ್ತದೆ, ಅದಕ್ಕೆ ದಾರಿ ಬಿಡುವುದು ಬೆಂಗಾವಲಿನ ಕೆಲಸ ಎಂಬುದು ಕ್ವೀನ್ ಮೇರಿಯ ಕಪ್ತಾನ ಸಿರಿಲ್ ಇಲಿಂಗ್‌ವರ್ತ್ ನಂಬಿಕೆ. ಕ್ರೂಸರ್ ತೀರಾ ಹತ್ತಿರ ಬಂತೆಂದು ಕೈಕೆಳಗಿನ ಅಧಿಕಾರಿ ಹಿಂಜರಿದಾಗ, ಅವರಿಗೆ ಇದೆಲ್ಲ ರೂಢಿಯಿದೆ, ತಾವೇ ಸರಿಯುತ್ತಾರೆ, ನೀನು ಮುಂದುವರಿಸು ಎಂಬರ್ಥದಲ್ಲಿ ಹೇಳಿದರಂತೆ. ಇಬ್ಬರೂ ಅನುಭವಿಗಳು. ಇಬ್ಬರೂ ತಮ್ಮ ತಮ್ಮ ಪುಸ್ತಕದ ಪ್ರಕಾರ ಸರಿ. ಎರಡು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ 81,000 ಟನ್ನಿನ ಹಡಗು ನಾಲ್ಕು ಸಾವಿರ ಟನ್ ಚಿಲ್ಲರೆಯ ಹಡಗನ್ನು ಎರಡು ತುಂಡು ಮಾಡಿ ನಡುವೆ ಹಾಯ್ದು ಹೋಯಿತು.

ಒಳಗೆ ಮಲಗಿದ್ದ ಎಷ್ಟೋ ಸೈನಿಕರಿಗೆ ಒಂದು ಕುಲುಕಿನಷ್ಟೇ ಅನುಭವ. ಡೆಕ್ಕಿನ ಮೇಲಿದ್ದವರು ಮಾತ್ರ ನೋಡಿದರು: ಒಂದು ತುಂಡು ಈ ಪಕ್ಕ, ಇನ್ನೊಂದು ಆ ಪಕ್ಕ, ನಡುವೆ ಎಣ್ಣೆ, ಹೊಗೆ, ಈಜುತ್ತಿರುವ ತಲೆಗಳು. ಕೆಲವೇ ನಿಮಿಷಗಳಲ್ಲಿ ಎರಡೂ ಮುಳುಗಿದವು. ಕ್ವೀನ್ ಮೇರಿಯ ಮೂತಿ ಜಜ್ಜಿಹೋಗಿತ್ತು. ವೇಗ ಇಳಿಸಿತು, ನಿಲ್ಲಲಿಲ್ಲ. ಡಿಸ್ಟ್ರಾಯರ್‌ಗಳಿಗೆ ಸುದ್ದಿ ಕೊಟ್ಟು ಮುಂದೆ ಹೋಯಿತು. ಅವು ಬಂದು ಎತ್ತುವಷ್ಟರಲ್ಲಿ ತಣ್ಣೀರಿನಲ್ಲಿ ಉಳಿದಿದ್ದವರು ನೂರರಷ್ಟು ಜನ, ಬೌಟ್‌ವುಡ್ ಅವರಲ್ಲೊಬ್ಬರು. ಸತ್ತವರು 330ಕ್ಕೂ ಹೆಚ್ಚು.

ಒಡೆದ ಮೂತಿಗೆ ಸ್ಕಾಟ್ಲೆಂಡಿನಲ್ಲಿ ಸಿಮೆಂಟ್ ತುಂಬಿ, ಪೂರ್ತಿ ರಿಪೇರಿಗೆ ಬಾಸ್ಟನ್ನಿಗೆ ಕಳಿಸಿದರು. ಕಂಡವರ ಬಾಯಿಗೆಲ್ಲ ಬೀಗ. ಸುದ್ದಿ ಹೊರಬಿದ್ದದ್ದು ಯುದ್ಧ ಮುಗಿದ ಮೇಲೆಯೇ. ನ್ಯಾಯಾಲಯ 1947ರಲ್ಲಿ ತಪ್ಪೆಲ್ಲ ಕ್ರೂಸರಿನದೆಂದಿತು. ಮೇಲ್ಮನವಿಯಲ್ಲಿ ಅದು ಮೂರರಲ್ಲಿ ಎರಡು ಪಾಲು ನೌಕಾಪಡೆಗೆ, ಒಂದು ಪಾಲು ಕುನಾರ್ಡ್ ಕಂಪನಿಗೆ ಎಂದಾಯಿತು. 1949ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನೇ ಎತ್ತಿಹಿಡಿಯಿತು. ಆ ಮೂರನೇ ಒಂದು ಪಾಲು ತಪ್ಪು ನಿಲ್ಲದೆ ಹೋದದ್ದಕ್ಕಲ್ಲ, ಡಿಕ್ಕಿಗೆ. ಹತ್ತು ಸಾವಿರ ಜನರನ್ನು ಪಣಕ್ಕಿಡಬೇಕಿತ್ತೆಂದು ನಾನೂ ಹೇಳಲಾರೆ. ಆದರೂ ರೇಲಿಂಗ್ ಹಿಡಿದು ಹಿಂದೆ ತಿರುಗಿ ನೋಡಿದ ಆ ಹುಡುಗರಿಗೆ, ನಾಳೆ ತಾವೂ ಇದೇ ಲೆಕ್ಕದ ಅಂಕಿಗಳೆಂದು ಹೊಳೆದಿರಲಿಕ್ಕೆ ಸಾಕು.

ಉಳಿದದ್ದನ್ನು ಕೈಪಿಡಿಗಳೇ ರಂಗಾಗಿ ಹೇಳುತ್ತವೆ. 1942ರ ಡಿಸೆಂಬರಿನಲ್ಲಿ ದೈತ್ಯ ಅಲೆಯೊಂದು ಬಡಿದು ಹಡಗು ಇನ್ನೇನು ಮಗುಚಿಬಿಡುವಷ್ಟು ವಾಲಿತ್ತು. 'ದಿ ಪೊಸೈಡನ್ ಅಡ್ವೆಂಚರ್' ಕಾದಂಬರಿಗೆ ಅದೇ ಪ್ರೇರಣೆ ಎನ್ನುತ್ತಾರೆ. ಚರ್ಚಿಲ್ 'ಕರ್ನಲ್ ವಾರ್ಡನ್' ಎಂಬ ಸುಳ್ಳು ಹೆಸರಿನಲ್ಲಿ ಪ್ರಯಾಣ ಮಾಡಿದರು. ಯುದ್ಧ ಮುಗಿದ ಮೇಲೆ ಅಮೆರಿಕನ್ ಸೈನಿಕರ ಕೈಹಿಡಿದ ಸಾವಿರಾರು ಬ್ರಿಟಿಷ್ ಹೆಣ್ಣುಮಕ್ಕಳು, ಕಂಕುಳಲ್ಲಿ ಕೂಸು ಕಟ್ಟಿಕೊಂಡು ಇದರಲ್ಲೇ ಗಂಡನ ಮನೆಗೆ ಹೋದರು. 1947ರಲ್ಲಿ ಮತ್ತೆ ಕೆಂಪು ಚಿಮಣಿ, ಮತ್ತೆ ಬೆಳ್ಳಿ ಚಮಚ. ಆದರೆ ಜೆಟ್ ವಿಮಾನ ಬಂದ ಮೇಲೆ ಐದು ದಿನ ಸಮುದ್ರದಲ್ಲಿ ಕೂರುವ ವ್ಯವಧಾನ ಯಾರಿಗಿದೆ? 1967ರಲ್ಲಿ ಲಾಂಗ್ ಬೀಚ್ ನಗರ 34.5 ಲಕ್ಷ ಡಾಲರಿಗೆ ಕೊಂಡಿತು. ಬಾಯ್ಲರುಗಳನ್ನು ಕಿತ್ತರು, ಕ್ಯಾಬಿನ್ನುಗಳು ಹೋಟೆಲ್ ಕೋಣೆಗಳಾದವು. ಚಿಮಣಿಗಳನ್ನು ಎತ್ತಿ ಕೆಳಗಿಡಲು ಹೋದರೆ ಪುಡಿಪುಡಿಯಾದವಂತೆ. ತಗಡು ತುಕ್ಕು ತಿಂದು, ಪದರ ಪದರ ಬಣ್ಣವೇ ಅವನ್ನು ಹಿಡಿದು ನಿಲ್ಲಿಸಿತ್ತು. ಈಗ ಕಾಣುವುದು ಬದಲಿ ಚಿಮಣಿಗಳು.

ಅಲ್ಲಿಂದ ಇಲ್ಲಿಯವರೆಗೆ ಹಡಗಿನ ಬಾಳು ಗುತ್ತಿಗೆದಾರರ ಕೈಯಿಂದ ಕೈಗೆ. 2017ರ ಒಂದು ತಪಾಸಣಾ ವರದಿ ರಿಪೇರಿಗೆ 28 ಕೋಟಿ ಡಾಲರಿಗೂ ಮೇಲೆ ಬೇಕಾದೀತೆಂದಿತು. 2020ರಲ್ಲಿ ಕೊರೊನಾ ಬಂದು ಬಾಗಿಲು ಹಾಕಿತು, ಮರುವರ್ಷ ನಡೆಸುತ್ತಿದ್ದ ಕಂಪನಿ ದಿವಾಳಿ ಎದ್ದು ಹೊಣೆ ನಗರದ ಹೆಗಲಿಗೇ ಬಿತ್ತು. 2023ರಲ್ಲಿ ಮತ್ತೆ ತೆರೆದಿದೆ. ಇದರ ಜೋಡಿ 'ಕ್ವೀನ್ ಎಲಿಜಬೆತ್' 1972ರಲ್ಲಿ ಹಾಂಗ್‌ಕಾಂಗಿನಲ್ಲಿ ಸುಟ್ಟುಹೋಯಿತು. ಪ್ರತಿಸ್ಪರ್ಧಿ 'ನಾರ್ಮಂಡಿ' ಸೈನಿಕರ ಹಡಗಾಗಿ ಬದಲಾಗುತ್ತಿರುವಾಗಲೇ ನ್ಯೂಯಾರ್ಕಿನಲ್ಲಿ ಬೆಂಕಿಗೆ ಸಿಕ್ಕಿತು. ಆ ಕಾಲದ ದೈತ್ಯರಲ್ಲಿ ಹತ್ತಿ ಓಡಾಡಬಹುದಾದದ್ದು ಇದೊಂದೇ.

ಲಾಂಗ್ ಬೀಚಿಗೆ ಹೋಗುವವರಿಗೆ ಒಂದು ಕೋರಿಕೆ. ದೆವ್ವದ ಟೂರು ಬೇಡವೆನ್ನುವುದಿಲ್ಲ, ಆ ದುಡ್ಡೂ ಹಡಗಿಗೆ ಬೇಕು. ಅದು ಮುಗಿದ ಮೇಲೆ ಹತ್ತು ನಿಮಿಷ ಮಾಡಿಕೊಂಡು ಮುಂದುಗಡೆಯ ಡೆಕ್ಕಿನ ತುದಿಯವರೆಗೆ ನಡೆಯಿರಿ. ಬಾಸ್ಟನ್ನಿನವರ ಕೆಲಸ ಎಷ್ಟು ಅಚ್ಚುಕಟ್ಟೆಂದರೆ, ಅಲ್ಲಿ ಏನಾಗಿತ್ತೆಂದು ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗುತ್ತದೆ.